ಎರಡನೇ ಶಸ್ತ್ರಚಿಕಿತ್ಸೆಯ ಗಾಯ ಏಕೆ ಬೇಗ ಮಾಯುವುದಿಲ್ಲ?

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಎರಡು ವರ್ಷಗಳ ಹಿಂದೆ ಎಡಗೆನ್ನೆಯ ಒಳಗಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿ, ಬಳಿಕ ರೇಡಿಯೇಷನ್ ಕೊಟ್ಟಿದ್ದರು. ಆಗ ಗಾಯ ಬೇಗನೆ ಮಾಯ್ದಿತ್ತು. ಈಗ ಅದೇ ಜಾಗದಲ್ಲಿ ಮರುಕಳಿಸಿದ್ದರಿಂದ, ಐದು ವಾರಗಳ ಹಿಂದೆ ದವಡೆಯ ಒಂದು ಭಾಗವನ್ನೂ ತೆಗೆದು, ಎದೆಯ ಸ್ನಾಯುವಿನಿಂದ ಮುಚ್ಚಿದ್ದಾರೆ. ಕತ್ತಿನ ಹೊಲಿಗೆಯ ಒಂದು ಕಡೆ ಇನ್ನೂ ನೀರು ಒಸರುತ್ತಿದೆ. ಮೂಗಿನ ನಳಿಕೆಯಿಂದಲೇ ಆಹಾರ. ಎಡಗೈ ಮೇಲೆತ್ತಲಾಗುತ್ತಿಲ್ಲ, ಯಾರೊಡನೆಯೂ ಮಾತಿಲ್ಲ. ಸಿಹಿ ಕೊಟ್ಟರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ನೆಂಟರು ಹೆದರಿಸುತ್ತಾರೆ. ಹೊಗೆಸೊಪ್ಪಿಲ್ಲದೆ ಬರೀ ಅಡಿಕೆಯನ್ನಾದರೂ ಮುಂದೆ ಹಾಕಿಕೊಳ್ಳಬಹುದೇ ಎಂದು ತಂದೆಯವರು ಚೀಟಿಯಲ್ಲಿ ಬರೆದು ಕೇಳುತ್ತಿದ್ದಾರೆ. ನಮ್ಮ ಆರೈಕೆಯಲ್ಲಿ ಎಲ್ಲಿ ತಪ್ಪಾಗಿದೆ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನೀವು ಬರೆದಿರುವುದರಲ್ಲಿ ಆರೈಕೆಯ ತಪ್ಪು ನನಗೆ ಕಾಣುವುದಿಲ್ಲ. ಮೊದಲ ಸಲದ ಚೇತರಿಕೆಯನ್ನು ಅಳತೆಗೋಲಾಗಿ ಇಟ್ಟುಕೊಂಡದ್ದರಿಂದಲೇ ನಿಮಗೆ ಇಷ್ಟು ಗಾಬರಿಯಾಗಿದೆ. ರೇಡಿಯೇಷನ್ ಕ್ಯಾನ್ಸರ್ ಕೋಶಗಳ ಜೊತೆಗೆ ಆ ಭಾಗದ ಸಣ್ಣ ರಕ್ತನಾಳಗಳನ್ನೂ ಹಾಳುಮಾಡುತ್ತದೆ. ರಕ್ತಸಂಚಾರ ಕಡಿಮೆಯಾದ ಚರ್ಮ ಮತ್ತು ಸ್ನಾಯು ವರ್ಷಗಳ ನಂತರವೂ ನಿಧಾನವಾಗಿಯೇ ಮಾಯುತ್ತವೆ. ಎದೆಯ ಸ್ನಾಯುವನ್ನು ಅದರ ರಕ್ತನಾಳದ ಸಮೇತ ಮೇಲಕ್ಕೆ ತಿರುಗಿಸಿ ತಂದಿರುವುದು, ರೇಡಿಯೇಷನ್ ತಾಗದ ಆರೋಗ್ಯವಂತ ಮಾಂಸ ಅಲ್ಲಿಗೆ ಬೇಕೆಂಬ ಕಾರಣಕ್ಕೂ ಹೌದು. ಕೊರಳೆಲುಬಿನ ಮೇಲೆ ಉಬ್ಬು ಕಂಡರೆ ಅದು ಆ ಸ್ನಾಯುವಿನದೇ ಇರಬಹುದು. ಅದನ್ನು ಹೊಸ ಗಡ್ಡೆಯೆಂದು ಭಾವಿಸಿ ಹೆದರುವವರು ಬಹಳ. ಮುಂದಿನ ಭೇಟಿಯಲ್ಲಿ ಶಸ್ತ್ರಚಿಕಿತ್ಸಕರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ.

ಒಸರುತ್ತಿರುವುದು ಬಾಯಿಯ ಜೊಲ್ಲೇ ಇರಬಹುದು. ಬಾಯಿಯ ಒಳಗಿನ ಹೊಲಿಗೆ ಒಂದೆಡೆ ಬಿಟ್ಟುಕೊಂಡರೆ ಜೊಲ್ಲು ಕತ್ತಿನ ಕಡೆಗೆ ದಾರಿ ಮಾಡಿಕೊಳ್ಳುತ್ತದೆ, ಮತ್ತು ಮೊದಲೇ ರೇಡಿಯೇಷನ್ ಪಡೆದವರಲ್ಲಿ ಇದು ಹೆಚ್ಚು. ಅನೇಕರಲ್ಲಿ ಡ್ರೆಸ್ಸಿಂಗ್ ಮತ್ತು ನಳಿಕೆಯ ಆಹಾರದಿಂದಲೇ ಅದು ಮುಚ್ಚಿಕೊಳ್ಳುತ್ತದೆ. ಆದರೆ ಅದನ್ನು ಶಸ್ತ್ರಚಿಕಿತ್ಸಕರು ಈ ವಾರವೇ ನೋಡಬೇಕು. ಅವರು ಹೇಳುವ ತನಕ ಒಂದು ಚಮಚ ನೀರನ್ನೂ ಬಾಯಿಯಿಂದ ಕೊಡಬೇಡಿ. ಜ್ವರ, ಕೆಟ್ಟ ವಾಸನೆ, ಸುತ್ತಲೂ ಕೆಂಪಾಗುವಿಕೆ ಇದ್ದರೆ ಅದೇ ದಿನ ಹೋಗಿ. ಗಾಯದಿಂದಲೋ ಬಾಯಿಯಿಂದಲೋ ಹಸಿ ರಕ್ತ ಬಂದರೆ, ಅದು ತಾನಾಗಿ ನಿಂತರೂ ಬೆಳಗಾಗಲಿ ಎಂದು ಕಾಯದೆ, ಬಟ್ಟೆಯಿಂದ ಒತ್ತಿ ಹಿಡಿದುಕೊಂಡೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ, ಏಕೆಂದರೆ ಕತ್ತಿನ ದೊಡ್ಡ ರಕ್ತನಾಳ ಒಡೆಯುವ ಮುನ್ನ ಹೀಗೆ ಸ್ವಲ್ಪ ರಕ್ತ ಕಾಣಿಸಿಕೊಳ್ಳುವುದುಂಟು.

ಗಾಯ ಮಾಯಲು ಪ್ರೋಟೀನು ಬೇಕು. 50 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 60ರಿಂದ 75 ಗ್ರಾಂ ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ನಮ್ಮ ಮನೆಗಳಲ್ಲಿ ನಳಿಕೆಗೆ ಹೋಗುವುದು ಹೆಚ್ಚಾಗಿ ಗಂಜಿಯ ತಿಳಿ ಮತ್ತು ಎಳನೀರು. ಹೊಟ್ಟೆ ತುಂಬಿದಂತಾಗುತ್ತದೆ, ತೂಕ ಇಳಿಯುತ್ತಲೇ ಇರುತ್ತದೆ. ಹಾಲು, ಚೆನ್ನಾಗಿ ಬೆಂದ ಬೇಳೆ, ಬೇಯಿಸಿದ ಮೊಟ್ಟೆ, ರಾಗಿ ಅಂಬಲಿ ಇವನ್ನು ರುಬ್ಬಿ, ಸೋಸಿ ಕೊಡಬಹುದು. ಕೊಡುವಾಗಲೂ, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ, ತಲೆಯ ಭಾಗ ಎತ್ತರದಲ್ಲಿರಲಿ. ಪ್ರತಿ ಸಲವೂ ಕೊನೆಯಲ್ಲಿ ಶುದ್ಧ ನೀರು ಹಾಯಿಸಿ ನಳಿಕೆ ತೊಳೆಯಿರಿ. ಸಿಹಿಯ ವಿಷಯದಲ್ಲಿ ನೆಂಟರ ಮಾತು ಕೇಳಬೇಡಿ. ಅನ್ನವೂ ರಾಗಿಯೂ ದೇಹದೊಳಗೆ ಸಕ್ಕರೆಯೇ ಆಗುತ್ತವೆ. ಮಧುಮೇಹ ಇಲ್ಲದಿದ್ದರೆ ಹಾಲಿಗೆ ಬೆಲ್ಲ ಹಾಕಿದ್ದಕ್ಕೆ ಕ್ಯಾನ್ಸರ್ ಬೆಳೆಯುವುದಿಲ್ಲ. ಅವರಿಗೆ ಈಗ ಅಪಾಯವಿರುವುದು ತೂಕ ಇಳಿಯುವುದರಿಂದ.

ಕೈ ಎತ್ತಲಾಗದಿರುವುದಕ್ಕೆ ಕತ್ತಿನ ಗ್ರಂಥಿಗಳನ್ನು ತೆಗೆಯುವಾಗ ಭುಜದ ನರಕ್ಕೆ ಆಗುವ ಪೆಟ್ಟು ಮತ್ತು ಎದೆಯ ಸ್ನಾಯುವಿನ ಸ್ಥಳಾಂತರ, ಇವೆರಡೂ ಕಾರಣವಾಗಬಹುದು. ನೋವೆಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡರೆ ಭುಜ ಬಿಗಿದುಹೋಗುತ್ತದೆ. ಫಿಸಿಯೋಥೆರಪಿ ಯಾವಾಗ ಆರಂಭಿಸಬೇಕೆಂದು ನೀವಾಗಿಯೇ ಕೇಳಿ, ಜನಜಂಗುಳಿಯ ಹೊರರೋಗಿ ವಿಭಾಗದಲ್ಲಿ ಕೇಳದೆ ಇದ್ದುದು ಮರೆತುಹೋಗುವುದುಂಟು. ಬಾಯಿ ತೆರೆಯುವ ವ್ಯಾಯಾಮಕ್ಕೂ ಅದೇ ಮಾತು: ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡುವ ಈ ವ್ಯಾಯಾಮವನ್ನು ಶಸ್ತ್ರಚಿಕಿತ್ಸಕರ ಒಪ್ಪಿಗೆಯ ನಂತರವೇ ತೊಡಗಬೇಕು.

ಮಾತಿಲ್ಲದಿರುವುದನ್ನು ಬರೀ ದವಡೆಯ ತೊಂದರೆಯೆಂದು ಬಿಡಬೇಡಿ. ಮರುಕಳಿಸಿದ ಕ್ಯಾನ್ಸರ್ ಮೊದಲ ಸಲದ ಧೈರ್ಯವನ್ನು ಕಿತ್ತುಕೊಂಡಿರುತ್ತದೆ. ನಿದ್ದೆಯೂ ಆಸಕ್ತಿಯೂ ಎರಡು ವಾರ ಮೀರಿ ಇಲ್ಲವೆಂದಾದರೆ ಖಿನ್ನತೆಗೆ ಚಿಕಿತ್ಸೆ ಬೇಕಾಗಬಹುದು, ಔಷಧಿಗಳಿವೆ, ಆಪ್ತಸಮಾಲೋಚನೆಯಿದೆ. ಚೀಟಿಯಲ್ಲಿ ಪ್ರಶ್ನೆ ಬರೆದು ಕೇಳುತ್ತಿರುವವರು ಇನ್ನೂ ಸಂಭಾಷಣೆಯನ್ನು ಬಿಟ್ಟಿಲ್ಲ ಎಂಬುದೂ ನಿಜ. ಬಯಾಪ್ಸಿ ವರದಿ ಏನು ಹೇಳಿದೆ, ಮುಂದೆ ಔಷಧಿಯೋ ಮತ್ತೊಮ್ಮೆ ರೇಡಿಯೇಷನ್ನೋ ಬೇಕೇ ಎಂಬ ಚರ್ಚೆಯನ್ನು ಅವರನ್ನು ಹೊರಗೆ ಕೂರಿಸಿ ಮಾಡಬೇಡಿ.

ಅಡಿಕೆಯ ಪ್ರಶ್ನೆಗೆ ಉತ್ತರ, ಬೇಡ. ಹೊಗೆಸೊಪ್ಪಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಿಮ್ಮ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟವೆಂದು ಬಲ್ಲೆ.

ಇನ್ನೆರಡು ವಿಷಯ. ಕತ್ತಿಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗುವುದುಂಟು, ಆದ್ದರಿಂದ 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಮುಂದೆಂದಾದರೂ ಹಲ್ಲು ಕೀಳಿಸಬೇಕಾಗಿ ಬಂದರೆ, ದವಡೆಗೆ ರೇಡಿಯೇಷನ್ ಆಗಿದೆಯೆಂದು ದಂತವೈದ್ಯರಿಗೆ ಮೊದಲೇ ತಿಳಿಸಿ. ಹಾಗೆ ತಿಳಿಸದೆ ಕೀಳಿಸಿದ ಜಾಗದಲ್ಲಿ ಮೂಳೆ ಮಾಯದೆ ಕೊಳೆಯುವ ಸಂಭವವಿದೆ.