ಮೂರು ಜೀವ ಅಂದಮೇಲೆ ಮೂರೇ ಇರಲಿ

ಗೋಣಿಕೊಪ್ಪದಿಂದ ಕತೆ ಕಳಿಸಿದ ಗೆಳೆಯರಿಗೆ,

ನಿಮ್ಮ ಕತೆ ಎರಡು ಸಲ ಓದಿದೆ. ಮಳೆ ರಜೆಯ ದಿನ ನಾಲ್ಕು ಜನ ಪಿಯುಸಿ ಹುಡುಗರು ಕಾಲೇಜಿನ ಸ್ಟೋರ್ ರೂಮಿನಲ್ಲಿ ಒಂದು ಹಳೆಯ ವಿಡಿಯೋ ಗೇಮ್ ಆನ್ ಮಾಡುತ್ತಾರೆ. ಅದರೊಳಗೇ ಬೀಳುತ್ತಾರೆ. ಕಾಡು ದಾಟಿದರೆ ಮಾತ್ರ ಮನೆಗೆ ದಾರಿ. ಶುರು ಚೆನ್ನಾಗಿದೆ, ಭಾಷೆ ಸಲೀಸಾಗಿದೆ. ಆ ಪುಕ್ಕಲು ಹುಡುಗ ಗೇಮಿನೊಳಗೆ ತನ್ನ ಅಜ್ಜಿಯೇ ಆಗಿಬಿಟ್ಟಾಗ ಜೋರಾಗಿ ನಕ್ಕೆ. ಆದರೆ ಕತೆಯನ್ನು ಈಗಿರುವ ಹಾಗೇ ಅಚ್ಚು ಹಾಕಲಾರೆ.

'ಜುಮಾಂಜಿ: ವೆಲ್‌ಕಮ್ ಟು ದ ಜಂಗಲ್' ನೋಡಿ ಹೊಳೆದ ಕತೆ ಅಂತ ನೀವೇ ಬರೆದಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ. ಆ ಸಿನಿಮಾ ಕೂಡ ಹಳೆಯದರ ಮೇಲೆ ಬೆಳೆದದ್ದೇ. 1981ರ ಮಕ್ಕಳ ಚಿತ್ರಪುಸ್ತಕದಿಂದ 1995ರ ಸಿನಿಮಾ ಬಂತು. ಅವೆರಡರಲ್ಲೂ ದಾಳ ಹಾಕಿ ಆಡುವ ಹಲಗೆ ಆಟವಾಗಿದ್ದದ್ದು 2017ರಲ್ಲಿ ವಿಡಿಯೋ ಗೇಮ್ ಆಯಿತು. ನನಗೆ ಬೇಜಾರಾದದ್ದು ಬೇರೆ ಕಡೆ.

ನಿಮ್ಮ ಎರಡನೇ ಪುಟದಲ್ಲಿ 'ಒಬ್ಬೊಬ್ಬರಿಗೆ ಮೂರು ಜೀವ' ಅಂತ ಇದೆ. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತಾ ಹೋದೆ. ನಾಲ್ಕನೇ ಪುಟದಲ್ಲಿ ನಾಯಕ ಹೊಳೆಗೆ ಬಿದ್ದು ಸತ್ತ. ಐದರಲ್ಲಿ ಬಾಣ ತಗುಲಿ ಸತ್ತ. ಅದೇ ಪುಟದ ಕೊನೆಗೆ ಹಾವು ಕಚ್ಚಿತು. ಅಲ್ಲಿಗೆ ಮೂರೂ ಮುಗಿಯಿತು, ಅಲ್ವಾ? ಏಳನೇ ಪುಟದಲ್ಲಿ ಸೇತುವೆ ಮುರಿದು ಮತ್ತೆ ಸಾಯುತ್ತಾನೆ. ಮುಂದಿನ ಸಾಲು: 'ಅವನು ಮೈ ಕೊಡವಿಕೊಂಡು ಎದ್ದು ನಿಂತ.' ಅದರ ಮುಂದಿನದು: 'ಎಲ್ಲರೂ ಗಾಬರಿಯಾದರು.' ಯಾಕೆ ಗಾಬರಿಯಾಗಬೇಕು? ಸತ್ತರೂ ಏನೂ ಆಗುವುದಿಲ್ಲ ಅಂತ ಈಗ ತಾನೇ ತೋರಿಸಿದಿರಿ. ನನಗಂತೂ ಆಮೇಲೆ ಗಾಬರಿಯೂ ಆಗಲಿಲ್ಲ, ನಗುವೂ ಬರಲಿಲ್ಲ.

ನೀವು ಮೆಚ್ಚಿದ ಸಿನಿಮಾವನ್ನೇ ಇನ್ನೊಮ್ಮೆ ನೋಡಿ. ಗೇಮಿನ ಒಳಗೆ ಬಿದ್ದು ಸ್ವಲ್ಪ ಹೊತ್ತಿಗೇ ಒಬ್ಬಳನ್ನು ನೀರಾನೆ ತಿನ್ನುತ್ತದೆ. ಅವಳು ಆಕಾಶದಿಂದ ಧೊಪ್ಪನೆ ಬೀಳುತ್ತಾಳೆ. ತೋಳಿನ ಮೇಲಿದ್ದ ಮೂರು ಗೆರೆಯಲ್ಲಿ ಒಂದು ಹೋಗಿರುತ್ತದೆ. ನಿಯಮ ಹೇಳಿ ಮುಗಿಯಿತು. ಭಾಷಣ ಇಲ್ಲ. ಮುಂದೆ, 1996ರಿಂದ ಒಳಗೇ ಸಿಕ್ಕಿಕೊಂಡಿದ್ದ ಹುಡುಗನಿಗೆ ಸೊಳ್ಳೆ ಕಚ್ಚುತ್ತದೆ. ಸೊಳ್ಳೆಯೇ ಅವನಿಗೆ ಮೃತ್ಯು, ಉಳಿದಿರುವುದೂ ಒಂದೇ ಜೀವ. ಮೊಬೈಲ್ ಬಿಟ್ಟರೆ ಬೇರೇನೂ ಬೇಡವಾಗಿದ್ದ ಅದೇ ಹುಡುಗಿ ಬಾಯಿಗೆ ಬಾಯಿಟ್ಟು ಉಸಿರು ಊದುತ್ತಾಳೆ. ಅವಳ ಒಂದು ಗೆರೆ ಅಳಿಸಿ ಅವನಿಗೆ ಹೋಗುತ್ತದೆ. ಗೇಮಿನೊಳಗೆ ನೋಡಲು ಅವಳು ನಟ ಜ್ಯಾಕ್ ಬ್ಲ್ಯಾಕ್, ಗಡ್ಡದ ದಪ್ಪ ಗಂಡಸು. ಥಿಯೇಟರಿನಲ್ಲಿ ನಗುತ್ತಿದ್ದ ನನಗೆ ಕಣ್ಣು ತುಂಬಿ ಬಂತು. ಅವಳು ಕೊಟ್ಟದ್ದು ಎಷ್ಟು ಅಂತ ಲೆಕ್ಕ ಗೊತ್ತಿದ್ದದ್ದಕ್ಕೇ ಹಾಗಾಯಿತು. ನಿಮ್ಮ ಕತೆಯಲ್ಲೂ ಅಜ್ಜಿಯಾದ ಹುಡುಗ ಗೆಳೆಯನಿಗಾಗಿ ಸಾಯುತ್ತಾನೆ. ಅದು ಅವನ ಎಷ್ಟನೇ ಜೀವ? ಎಲ್ಲೂ ಬರೆದಿಲ್ಲ.

ಇನ್ನು ನಿಮ್ಮ ಕಾಡು. ಆರನೇ ಪುಟ: 'ದಟ್ಟ ಕಾನನದ ನಡುವಿನಿಂದ ದೈತ್ಯಾಕಾರದ ಆನೆಯೊಂದು ಘೀಳಿಡುತ್ತಾ ನುಗ್ಗಿ ಬಂತು. ಭೂಮಿ ನಡುಗಿತು.'

'ಕಾನನ' ಅಂತ ನಿಮ್ಮ ಮನೆಯಲ್ಲಿ ಯಾರು ಹೇಳುತ್ತಾರೆ? 'ದೈತ್ಯಾಕಾರದ' ತೆಗೆಯಿರಿ. ಆನೆ ದೊಡ್ಡದು ಅಂತ ಎಲ್ಲರಿಗೂ ಗೊತ್ತು. 'ಭೂಮಿ ನಡುಗಿತು' ಸುಳ್ಳು. ಆನೆಯ ಪಾದ ಮೆತ್ತೆಯ ಹಾಗೆ. ಅದು ನಡೆದರೆ ಸದ್ದೇ ಇರುವುದಿಲ್ಲ. ಸಿದ್ದಾಪುರ ಕಡೆಯ ಲೈನ್‌ಮನೆಗಳಿಂದ ಬೆಳಿಗ್ಗೆ ತೋಟದ ಕೆಲಸಕ್ಕೆ ಹೊರಡುವವರನ್ನು ಕೇಳಿ. ರೊಬಸ್ಟಾ ಕಾಫಿ ಗಿಡಗಳ ಮಧ್ಯೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರೂ ಕಾಣುವುದಿಲ್ಲ. ಮೊದಲು ವಾಸನೆ ಬರುತ್ತದೆ. ಇಲ್ಲವೇ ಎಲ್ಲೋ ಒಂದು ಕೊಂಬೆ ಮುರಿಯುತ್ತದೆ. ಆನೆ ಬರುತ್ತದೆ ಅಂತ ಹಲಸನ್ನು ಎಳೆಯದಾಗಿರುವಾಗಲೇ ಕಡಿದು ಹಾಕುವ ಊರು ನಮ್ಮದು. ನಿಮ್ಮ ಗೇಮಿನ ಕಾಡಿನಲ್ಲಿ ಒಂದು ಹಲಸಿನ ಮರವಿಲ್ಲ. ಜಡಿಮಳೆಯಲ್ಲಿ ನಾಲ್ಕು ಜನ ದಿನವಿಡೀ ನಡೆಯುತ್ತಾರೆ, ಒಬ್ಬರಿಗೂ ಜಿಗಣೆ ಹತ್ತುವುದಿಲ್ಲ! ಮನೆ ಹಿಂದೆಯೇ ಕಾಡು ಇಟ್ಟುಕೊಂಡು ಟಿವಿಯ ಕಾಡು ಯಾಕೆ ಬರೆದಿರಿ? ಗೇಮಿನ ಕಾಡು ಹೇಗಿದ್ದರೂ ನಡೆಯುತ್ತದೆ ಅಂತ ನೀವು ಹೇಳಬಹುದು. ಆದರೆ ಆ ಹುಡುಗರು ಕೊಡಗಿನವರು. ಕೊಂಬೆ ಮುರಿದ ಸದ್ದಿಗೆ ನಾಲ್ವರೂ ಒಟ್ಟಿಗೆ ಸುಮ್ಮನಾಗಬೇಕು.

ನಾನು ಮಡಿಕೇರಿಯ ಒಂದು ಸಣ್ಣ ಪತ್ರಿಕೆಗೆ ಸೇರಿದಾಗ ಇನ್ನೂ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಭಾಗಮಂಡಲದಲ್ಲಿ ನೀರು ಏರಿದೆ ಅಂತ ಸುದ್ದಿ ಬಂತು. ನಾನು ಕುರ್ಚಿಯಲ್ಲಿ ಕೂತೇ 'ಧಾರಾಕಾರ ಮಳೆ, ಜನಜೀವನ ಅಸ್ತವ್ಯಸ್ತ' ಅಂತ ಒಂದು ಪುಟ ಬರೆದೆ. ಸಂಪಾದಕರು ಓದಿ ಒಂದೇ ಪ್ರಶ್ನೆ ಕೇಳಿದರು: "ನೀರು ಎಲ್ಲಿವರೆಗೆ ಬಂದಿತ್ತು?" ನನಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸಿದರು. ಸಂಗಮದ ಹತ್ತಿರ ಒಬ್ಬ ಅಂಗಡಿಯವರು ಅಕ್ಕಿ ಮೂಟೆಗಳನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಗೋಡೆಯ ಮೇಲೆ ಹಿಂದಿನ ವರ್ಷಗಳ ನೀರಿನ ಗುರುತು ತೋರಿಸಿದರು. 'ಅಂಗಡಿಯ ಎರಡನೇ ಮೆಟ್ಟಿಲು ಮುಳುಗಿದೆ' ಅಂತ ಬರೆದೆ. ಸಂಪಾದಕರು ಒಂದು ಪುಟದಲ್ಲಿ ಆ ಒಂದು ಸಾಲು ಉಳಿಸಿ, ಬಾಕಿ ಎಲ್ಲ ಹೊಡೆದು ಹಾಕಿದರು. ಆ ಸಾಲಿನ ಮೊಳೆ ಜೋಡಿಸುವುದನ್ನು ನಿಂತು ನೋಡಿದ್ದು ಈಗಲೂ ನೆನಪಿದೆ.

ನಿಮ್ಮ ಹಾಳೆಗಳನ್ನು ವಾಪಸ್ ಕಳಿಸುತ್ತಿದ್ದೇನೆ. ನಾಲ್ಕರಿಂದ ಏಳನೇ ಪುಟದವರೆಗೆ ಗುರುತು ಹಾಕಿದ್ದೇನೆ. ಪ್ರತಿ ಸಾವಿನ ಪಕ್ಕ ಎಷ್ಟು ಜೀವ ಉಳಿಯಿತು ಅಂತ ನೀವೇ ಬರೆದುಕೊಳ್ಳಿ. ಆನೆಯ ಭಾಗ ಪೂರ್ತಿ ಹೊಸದಾಗಿ ಬರೆಯಿರಿ. ಕೈಲ್ ಮುಹೂರ್ತದ ಹಬ್ಬದ ಒಳಗೆ ಕೈಸೇರಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಅಜ್ಜಿಯ ಮಾತುಗಳನ್ನು ಮಾತ್ರ ಮುಟ್ಟಬೇಡಿ.