ನಿಂಬೆಯ ಚಿಗುರೆಲೆಯ ಬೆಳ್ಳಿಗೆರೆ: ಸಂಪಾದಕರ ಉತ್ತರ

ಮಾನ್ಯರೆ, ನಮಸ್ಕಾರ.

ಆಳಂದ ತಾಲ್ಲೂಕಿನ ತಮ್ಮ ತೋಟದಲ್ಲಿ ಹೊಸದಾಗಿ ನೆಟ್ಟ ನಿಂಬೆ ಗಿಡಗಳ ಚಿಗುರೆಲೆಗಳ ಮೇಲೆ ಹಾವು ಹರಿದಂತೆ ಬೆಳ್ಳನೆಯ ಗೆರೆಗಳು ಮೂಡಿ, ಎಲೆಗಳು ಮುದುಡುತ್ತಿವೆ ಎಂದು ಬರೆದಿದ್ದೀರಿ. ಇದು ರೋಗವೋ ಹುಳುವೋ, ಪಕ್ಕದ ಹೊಲದ ಟೊಮೆಟೊದಿಂದ ಬಂದಿದೆಯೇ, ಇದು ಹೊರದೇಶದ ಕೀಟವೆಂದು ಊರಿನವರು ಹೇಳುವುದು ನಿಜವೇ ಎಂದು ಕೇಳಿದ್ದೀರಿ.

ಇದು ಹುಳುವಿನ ಕೆಲಸ. ರೈತರು ರಂಗೋಲಿ ಹುಳು ಎನ್ನುವ ಇದು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂಬ ಪುಟ್ಟ ಪತಂಗದ ಮರಿ. ಟೊಮೆಟೊ ಎಲೆಯಲ್ಲಿ ಇಂಥದೇ ಗೆರೆ ಕೊರೆಯುವುದು ಸಾಮಾನ್ಯವಾಗಿ ಲಿರಿಯೋಮೈಜಾ ಎಂಬ ನೊಣದ ಮರಿ. ಅದು ಬೇರೆ, ಇದು ಬೇರೆ. ನಿಂಬೆಯ ಪತಂಗ ಟೊಮೆಟೊದಲ್ಲಿ ಬೆಳೆಯುವುದಿಲ್ಲವಾದ್ದರಿಂದ ಪಕ್ಕದ ಹೊಲದವರ ಮೇಲೆ ಅನುಮಾನ ಬೇಡ.

ಪತಂಗವನ್ನು ತಾವು ನೋಡಿರಲಾರಿರಿ. ರೆಕ್ಕೆ ಬಿಚ್ಚಿದರೂ ಅದರ ಅಗಲ 5 ಮಿಲಿಮೀಟರಿನ ಆಸುಪಾಸು. ಬೆಳ್ಳಿಬಣ್ಣದ ರೆಕ್ಕೆಯ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಇರುತ್ತದೆ. ಹಗಲೆಲ್ಲ ಅಡಗಿದ್ದು ಮುಸ್ಸಂಜೆಯ ನಂತರ ಹಾರುವ ಹೆಣ್ಣು, ಇನ್ನೂ ಬಲಿಯದ ಎಲೆಗಳನ್ನೇ ಆರಿಸಿ, ಹೆಚ್ಚಾಗಿ ಅವುಗಳ ಕೆಳಮೈಯಲ್ಲಿ, ನಡುನರದ ಬಳಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ಹೊರಗಿನ ಗಾಳಿಯನ್ನೇ ಕಾಣದೆ ನೇರವಾಗಿ ಎಲೆಯ ಹೊರಪದರದೊಳಗೆ ಇಳಿದು, ಚಪ್ಪಟೆಯಾದ ದವಡೆಗಳಿಂದ ಜೀವಕೋಶಗಳನ್ನು ಸೀಳಿ ರಸ ಹೀರುತ್ತ ಮುಂದೆ ಸಾಗುತ್ತದೆ. ಗೆರೆಯಿರುವ ಎಲೆಯೊಂದನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ: ಮೇಲಿನ ತೆಳುಪೊರೆ ಎದ್ದು ಅದರಡಿ ಗಾಳಿ ಸೇರಿರುವುದರಿಂದ ದಾರಿ ಬೆಳ್ಳಗೆ ಹೊಳೆಯುತ್ತದೆ, ಅದರ ನಡುವೆ ಹಿಕ್ಕೆಯ ಕಪ್ಪು ಎಳೆಯೊಂದು ಉದ್ದಕ್ಕೂ ಸಾಗಿರುತ್ತದೆ, ದಾರಿ ಅಗಲವಾಗುತ್ತ ಹೋಗಿ ಮುಗಿಯುವಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣದ, ಕಾಲಿಲ್ಲದ ಹುಳು ಕಾಣುತ್ತದೆ.

ಮೂರು ಹಂತಗಳಲ್ಲಿ ಹೀಗೆ ತಿಂದು ಬೆಳೆದ ಹುಳು ನಾಲ್ಕನೆಯ ಹಂತದಲ್ಲಿ ತಿನ್ನುವುದನ್ನು ನಿಲ್ಲಿಸಿ, ಎಲೆಯ ಅಂಚಿಗೆ ಬಂದು, ರೇಷ್ಮೆಯ ನೂಲಿನಿಂದ ಅಂಚನ್ನು ಮಡಚಿಕೊಂಡು ಅದರೊಳಗೇ ಕೋಶವಾಗುತ್ತದೆ. ಮೊಟ್ಟೆಯಿಂದ ಪತಂಗದವರೆಗಿನ ಈ ಬಾಳು ಬೆಚ್ಚಗಿನ ದಿನಗಳಲ್ಲಿ ಎರಡು-ಮೂರು ವಾರಗಳಲ್ಲಿ ಮುಗಿದರೆ, ಚಳಿಯಲ್ಲಿ ಏಳು ವಾರಗಳವರೆಗೂ ಎಳೆಯಬಹುದು.

ಇನ್ನು ಹೊರದೇಶದ ಮಾತು. ಇದು ನಮ್ಮ ಏಷ್ಯಾದ್ದೇ ಕೀಟ. 1856ರಲ್ಲಿ ಸ್ಟೇಂಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಇದಕ್ಕೆ ಹೆಸರಿಟ್ಟು ವಿವರಿಸಿದ್ದು ಕಲ್ಕತ್ತೆಯಿಂದ ಬಂದ ಮಾದರಿಗಳನ್ನು ನೋಡಿ. ಬಹುಕಾಲ ಏಷ್ಯಾ, ಆಸ್ಟ್ರೇಲಿಯಾ, ಪೂರ್ವ ಆಫ್ರಿಕಾಗಳಲ್ಲಿ ಇದ್ದ ಇದು 1993ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸಿಕೊಂಡು ಸುಮಾರು ಒಂದು ವರ್ಷದಲ್ಲಿ ಆ ರಾಜ್ಯವನ್ನೆಲ್ಲ ವ್ಯಾಪಿಸಿತು. ಸ್ಪೇನಿಗೂ ಅದೇ ವರ್ಷ ಕಾಲಿಟ್ಟು, ಕೆಲವೇ ವರ್ಷಗಳಲ್ಲಿ ಮೆಡಿಟರೇನಿಯನ್ ತೀರದ ಕಿತ್ತಳೆ ತೋಟಗಳನ್ನೂ ಬ್ರೆಜಿಲ್ಲನ್ನೂ ಮುಟ್ಟಿತು. ಅಲ್ಲಿ ಹಾನಿ ವಿಪರೀತವಾದಾಗ, ಇದರ ಮರಿಯನ್ನು ತಿಂದು ಬೆಳೆಯುವ ಅಜೆನಿಯಾಸ್ಪಿಸ್ ಎಂಬ ಏಷ್ಯಾ ಮೂಲದ ಸಣ್ಣ ಕಣಜವನ್ನು ತರಿಸಿ ಫ್ಲೋರಿಡಾದ ತೋಟಗಳಲ್ಲಿ ಬಿಟ್ಟರು. ನಮ್ಮಲ್ಲಿ ಇಂಥ ಪರೋಪಜೀವಿ ಕಣಜಗಳು ತಾವಾಗಿಯೇ ಇವೆ ಎಂಬುದನ್ನು ಔಷಧಿಯ ಡಬ್ಬಿಗೆ ಕೈಹಾಕುವ ಮೊದಲು ದಯವಿಟ್ಟು ನೆನೆಯಬೇಕು. ಮೇಲೆ ಬಿದ್ದು ಒಣಗುವ ವಿಷ ಪೊರೆಯಡಿಯ ಹುಳುವನ್ನು ಸರಿಯಾಗಿ ಮುಟ್ಟುವುದಿಲ್ಲ, ಕಣಜವನ್ನಂತೂ ಕೊಲ್ಲುತ್ತದೆ.

ಬಲಿತ ಎಲೆ ಈ ಹುಳುವಿಗೆ ಬೇಡ. ಆದ್ದರಿಂದ ಚಿಗುರಿನ ಲೆಕ್ಕವೇ ಹುಳುವಿನ ಲೆಕ್ಕ. ಏಪ್ರಿಲ್-ಮೇ ತಿಂಗಳ ನಮ್ಮ ಒಣ ಬಿಸಿಲಿನಲ್ಲಿ ಇದರ ಕಾಟ ತಗ್ಗಿ, ಮೃಗಶಿರಾ, ಆರಿದ್ರಾ ಮಳೆಗೆ ಗಿಡ ಚಿಗುರಿದಾಗ ಮತ್ತೆ ಏಳುತ್ತದೆ. ಯೂರಿಯಾ ಒಮ್ಮೆಗೇ ಸುರಿದು ಬೇಕಾಬಿಟ್ಟಿ ಚಿಗುರಿಸಬೇಡಿ. ಚಿಗುರು ಕಣ್ಣೊಡೆಯುವಾಗಲೇ, ಅರ್ಧ ಕಿಲೋ ಬೇವಿನ ಬೀಜದ ಪುಡಿಯನ್ನು ರಾತ್ರಿ ನೆನೆಸಿ ಸೋಸಿ, 10 ಲೀಟರ್ ನೀರಾಗಿಸಿಕೊಂಡು ಸಂಜೆ ಸಿಂಪಡಿಸಿ. ನಾಲ್ಕು ವರ್ಷ ದಾಟಿದ ಮರ ಇಷ್ಟು ಎಲೆ ಹೋದರೂ ತಾಳಿಕೊಳ್ಳುತ್ತದೆ, ತಮ್ಮ ಎಳೆಯ ಗಿಡಗಳಿಗೆ ಮಾತ್ರ ಈ ಆರೈಕೆ ಬೇಕು. ಹುಳು ಮಾಡಿದ ಗಾಯದಲ್ಲಿ ಕಜ್ಜಿರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಹೊಗುವುದರಿಂದ, ಮಳೆಗಾಲದಲ್ಲಿ ಗೆರೆಯ ಸುತ್ತ ಹಳದಿ ಅಂಚಿನ, ಉಬ್ಬಿದ ಕಂದು ಚುಕ್ಕೆ ಕಂಡರೆ ಆ ಟೊಂಗೆಯನ್ನು ಎಲೆ ಒಣಗಿರುವ ಹೊತ್ತಿನಲ್ಲಿ ಕತ್ತರಿಸಿ ಸುಟ್ಟುಬಿಡಿ. ಬರೀ ಗೆರೆ ಬಿದ್ದ ಎಲೆಗಳನ್ನು ಕೀಳುವುದು ಬೇಡ. ಅವುಗಳ ಉಳಿದ ಹಸಿರು ಗಿಡಕ್ಕೆ ಇನ್ನೂ ಅನ್ನ ಮಾಡುತ್ತಿರುತ್ತದೆ.

— ಸಂಪಾದಕ