ಶಾಕ್‌ನ ಸೂಚನೆ ಕೇಳಿದ ಮೊಲದ ಎದೆಬಡಿತ ಇಳಿಯುವುದೇಕೆ, ಇಲಿಯದು ಏರುವುದೇಕೆ?

ಶಬ್ದದ ಬೆನ್ನಿಗೇ ಶಾಕ್ ಕೊಟ್ಟು ರೂಢಿಸಿದ ಮೇಲೆ, ಬರೀ ಶಬ್ದಕ್ಕೇ ಮೊಲದ ಎದೆಬಡಿತ ಇಳಿಯುತ್ತದೆ, ಇಲಿಯದು ಏರುತ್ತದೆ. ಹೆದರಿಕೆ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಹೆದರಿಕೆ ಒಂದೇ ಇರಬಹುದು, ಹೃದಯಕ್ಕೆ ಬರುವ ಹಗ್ಗ ಎರಡು: ಬಡಿತ ಇಳಿಸುವ ವೇಗಸ್ ನರ, ಏರಿಸುವ ಸಿಂಪಥೆಟಿಕ್ ನರಗಳು. ಎರಡೂ ಒಟ್ಟಿಗೆ ಎಳೆಯಬಲ್ಲವು. ಮಾನಿಟರಿನ ಅಂಕಿ ಆ ಜಗ್ಗಾಟದ ಶಿಲ್ಕು ಅಷ್ಟೇ.

ಸಂಶೋಧಕರಾದ ಇವಾಟಾ ಮತ್ತು ಲೆಡೂ 1988ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಶಬ್ದ-ಶಾಕ್ ಜೋಡಿಸಿದ ಗುಂಪು, ಜೋಡಿಸದ ಗುಂಪು ಎರಡರಲ್ಲೂ ಬಡಿತ ಹೆಚ್ಚುಕಮ್ಮಿ ಒಂದೇ ರೀತಿ ಏರಿತ್ತು. ಔಷಧದಿಂದ ಒಂದೊಂದೇ ನರವನ್ನು ತಡೆದಾಗ ಮಾತ್ರ, ಜೋಡಿಸಿದ ಗುಂಪಿನಲ್ಲಿ ಎರಡೂ ನರಗಳು ಏಕಕಾಲಕ್ಕೆ ದುಡಿಯುತ್ತಿದ್ದದ್ದು ಗೊತ್ತಾಯಿತು.

ವೇಗಸ್ ಒಂದೆರಡು ಬಡಿತದೊಳಗೇ ಪರಿಣಾಮ ತೋರಿಸುತ್ತದೆ. ಸಿಂಪಥೆಟಿಕ್‌ಗೆ ಹಲವು ಸೆಕೆಂಡು ಬೇಕು. ಪಟ್ಟಿ ಕಟ್ಟಿ ಕೂರಿಸಿದ ಮೊಲಕ್ಕೆ ಕೆಲವೇ ಸೆಕೆಂಡಿನ ಶಬ್ದ ಕೇಳಿಸಿದರೆ ಕಾಣುವುದು ಹೆಚ್ಚಾಗಿ ವೇಗಸ್ಸೇ. ಇಲಿಯಲ್ಲೂ ಅಲುಗಾಡದಂತೆ ಹಿಡಿದಿಟ್ಟರೆ ಬಡಿತ ಇಳಿಯುವುದುಂಟು, ಓಡಾಡಲು ಬಿಟ್ಟರೆ ಏರುತ್ತದೆ.

ಇಂಥ ಪ್ರಯೋಗವನ್ನು ನೀವೇ ಮಾಡುವುದಾದರೆ, ಅದು ಕೆಡುವುದು ಹೆಚ್ಚಾಗಿ ನರ ತಡೆಯುವ ಔಷಧದಲ್ಲಿ. ವೇಗಸ್ ತಡೆಯುವ ಸಾದಾ ಅಟ್ರೊಪಿನ್ ಮಿದುಳಿಗೂ ಹೋಗಿ ಕಲಿಕೆಯನ್ನೇ ಕಲಕುತ್ತದೆ, ಆದ್ದರಿಂದ ಮಿದುಳಿಗೆ ಅಷ್ಟಾಗಿ ದಾಟದ ಮಿಥೈಲ್ ಅಟ್ರೊಪಿನ್ ಬಳಸಿ. ಮೊಲದಲ್ಲಿ ಇನ್ನೊಂದು ಪೇಚು: ಕೆಲವು ಮೊಲಗಳ ರಕ್ತದಲ್ಲಿ ಅಟ್ರೊಪಿನ್ನನ್ನು ಒಡೆಯುವ ಕಿಣ್ವವಿದೆ, ಔಷಧ ಬೇಗ ಇಳಿದು "ತಡೆ ಕೆಲಸ ಮಾಡಲಿಲ್ಲ" ಎಂಬ ಸುಳ್ಳು ಫಲಿತಾಂಶ ಕೈಗೆ ಬರುತ್ತದೆ. ಅಲ್ಲಿ ನಾನಾದರೆ ವೇಗಸ್ಸನ್ನೇ ತಡೆಯುವ ಇನ್ನೊಂದು ಔಷಧ ಗ್ಲೈಕೊಪಿರೊಲೇಟನ್ನು ಆರಿಸುತ್ತೇನೆ. ಸಿಂಪಥೆಟಿಕ್ ತಡೆಗೆ ಪ್ರೊಪ್ರನೊಲಾಲ್ ಬೇಡ, ಅದೂ ಮಿದುಳಿಗೆ ದಾಟುತ್ತದೆ, ಅಟೆನೊಲಾಲ್ ವಾಸಿ. ವೇಗಸ್ ತಡೆದೊಡನೆ ಮೂಲ ಬಡಿತವೇ ಏರಿ ಕೂರುತ್ತದೆ. ಆಮೇಲೆ ಏರಿಕೆ ಚಿಕ್ಕದಾಗಿ ಕಂಡರೆ ಅದಕ್ಕೆ ಏರಲು ಜಾಗವಿರಲಿಲ್ಲ ಎಂದೂ ಅರ್ಥವಾಗಬಹುದು.

ಬಡಿತವನ್ನು ಎಣಿಸಬೇಡಿ, ಆರ್-ಆರ್ ಅಂತರ, ಅಂದರೆ ಇಸಿಜಿಯಲ್ಲಿ ಒಂದು ಬಡಿತದಿಂದ ಮುಂದಿನದರವರೆಗಿನ ಸಮಯ, ಅಳೆಯಿರಿ. 5 ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೆ ನಿಮಿಷಕ್ಕೆ 12ರ ವ್ಯತ್ಯಾಸ! ಹೊಸ ಶಬ್ದ ಕೇಳಿ ಕಿವಿ ನಿಮಿರಿಸಿದಾಗಲೂ ಬಡಿತ ಇಳಿಯುತ್ತದೆ, ಹಾಗಾಗಿ ಮೊದಲು ಬರೀ ಶಬ್ದವನ್ನೇ ಹಲವು ಸಲ ಕೇಳಿಸಿ ಆ ಇಳಿಕೆ ಕರಗುವವರೆಗೆ ಕಾಯಿರಿ. ರಕ್ತದೊತ್ತಡವನ್ನೂ ಜೊತೆಗೇ ದಾಖಲಿಸಿ. ಒತ್ತಡ ಮೊದಲು ಏರಿ ಆಮೇಲೆ ಬಡಿತ ಇಳಿದಿದ್ದರೆ ಅದು ಬ್ಯಾರೋರಿಫ್ಲೆಕ್ಸ್, ಅಂದರೆ ಏರಿದ ಒತ್ತಡವನ್ನು ಸರಿದೂಗಿಸಲು ದೇಹ ತಾನಾಗಿ ಬಡಿತ ಇಳಿಸುವುದು, ಇರಬಹುದು. ಒತ್ತಡ ಕದಲುವ ಮೊದಲೇ ಇಳಿದಿದ್ದರೆ ಆ ಅನುಮಾನ ಬೇಡ.